ಮಂಗಳೂರಿನ ಕೆಲಸ ಕೈಯಲ್ಲುಂಟು, ಬಿಟ್ಟು ಬೆಂಗಳೂರಿಗೆ ಹೋಗಲಾ?

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಈ ವರ್ಷ ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿಟೆಕ್ ಮುಗಿಸಿದೆ. ಮಂಗಳೂರಿನ ಒಂದು ಚಿಕ್ಕ ಕಂಪೆನಿಯಲ್ಲಿ ತಿಂಗಳಿಗೆ 16 ಸಾವಿರದ ಕೆಲಸ ಸಿಕ್ಕಿದೆ. ಅದಕ್ಕೇ ಸೇರು ಅಂತಾರೆ ಅಪ್ಪ. ದೊಡ್ಡಮ್ಮನ ಮಗ ಬೆಂಗಳೂರಿನಲ್ಲಿದ್ದಾನೆ, ಇಲ್ಲಿಗೆ ಬಂದು ಹುಡುಕು ಅಂತಾನೆ. ಹುಡುಗಿ ಒಬ್ಬಳೇ ಅಷ್ಟು ದೂರ ಯಾಕೆ ಅಂತ ಅಮ್ಮನ ಚಿಂತೆ. ಕ್ಲಾಸಿನ ಅರ್ಧ ಜನ ಕೊಚ್ಚಿಗೆ ಹೊರಟಿದ್ದಾರೆ. ನನಗೆ ಮಲಯಾಳಂ ಮಾತಾಡಲು ಬರುತ್ತದೆ, ಓದಲು ಕಷ್ಟ. ಮನೆಯಲ್ಲಿ ಸ್ವಲ್ಪ ಅಡಿಕೆ ತೋಟ ಉಂಟು, ಶಿಕ್ಷಣ ಸಾಲವೂ ಉಂಟು. ಈ ದಾರಿಯಲ್ಲಿ ಹೋದವರು ದಯವಿಟ್ಟು ಹೇಳಿ.

ಪೆರ್ಲದವನು, ಬೆಂಗಳೂರಿನಲ್ಲಿ 6 ವರ್ಷ

ತಂಗೀ, ನಾನು ಕೆಲಸ ಇಲ್ಲದೆ ಬೆಂಗಳೂರಿಗೆ ಬಂದವ. ಕಾಸರಗೋಡಿನಲ್ಲಿ ಸಂಜೆ ಕಣ್ಣೂರು–ಬೆಂಗಳೂರು ರೈಲು ಹತ್ತುವಾಗ ಎರಡು ತಿಂಗಳಲ್ಲಿ ಕೆಲಸ ಆಗುತ್ತದೆ ಅಂತ ಲೆಕ್ಕ ಹಾಕಿದ್ದೆ. ಏಳು ತಿಂಗಳು ಹಿಡಿಯಿತು. ಪಿಜಿಯ ಒಂದು ರೂಮಿನಲ್ಲಿ ಮೂರು ಜನ. ಪ್ರತಿ ತಿಂಗಳು ಒಂದನೇ ತಾರೀಕು ಅಪ್ಪನಿಗೆ ಫೋನ್ ಮಾಡಬೇಕು. ಅವರು "ಊಟ ಆಯ್ತಾ" ಅಂತ ಕೇಳಿದ ಮೇಲೆ ದುಡ್ಡಿನ ಮಾತು ತೆಗೆಯಲು ನಾಲಿಗೆ ಬರುತ್ತಿರಲಿಲ್ಲ. ಅದೇ ಹೊತ್ತಿಗೆ ಒಂದು ಕನ್ಸಲ್ಟೆನ್ಸಿಯವರು ಕೆಲಸ ಕೊಡಿಸ್ತೇವೆ ಅಂತ 40 ಸಾವಿರ ತೆಗೆದುಕೊಂಡರು. ಎರಡು ವಾರ ಬಿಟ್ಟು ಹೋದರೆ ಬಾಗಿಲಿಗೆ ಬೀಗ. ಕೆಲಸ ಕೊಡಲು ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದಲೇ ಎದ್ದು ಬಾ.

ಇಂಟರ್‌ವ್ಯೂಗಳಲ್ಲಿ ಬಿದ್ದದ್ದು ಯಾಕೆ ಅಂತಲೂ ಹೇಳಬೇಕು. ಕೊನೇ ವರ್ಷದ ಪ್ರಾಜೆಕ್ಟನ್ನು ನಾವು ಐದು ಜನ ಸೇರಿ ರೆಡಿಮೇಡ್ ತೆಗೆದುಕೊಂಡಿದ್ದೆವು. "ಇಲ್ಲಿ ಹೀಗೆ ಯಾಕೆ ಬರೆದಿದ್ದೀರಿ" ಅಂತ ಕೇಳಿದರೆ ಉತ್ತರ ಇಲ್ಲ. ನವರಾತ್ರಿಗೆ ಊರಿಗೆ ಹೋದಾಗ ಅಪ್ಪನ ಅಡಿಕೆ ಡೈರಿ ಕಣ್ಣಿಗೆ ಬಿತ್ತು. ಅಡಿಕೆಯ ದರ್ಜೆಗಳ ಲೆಕ್ಕ: ಚಾಲಿ ಇಷ್ಟು, ಪಟೋರ ಇಷ್ಟು, ಉಳ್ಳಿ, ಕರಿಗೋಟು, ಒಂದೊಂದಕ್ಕೂ ತೂಕ, ರೇಟು. ಕೆಲವು ಕಡೆ ಕೂಡಿಸಿದ್ದು ತಪ್ಪು. ಅದಕ್ಕೆ ಒಂದು ಚಿಕ್ಕ ಆ್ಯಪ್ ಮಾಡಿದೆ. ಐದು ವಾರ ಬೇಕಾಯಿತು. ಮುಂದಿನ ಇಂಟರ್‌ವ್ಯೂನಲ್ಲಿ ಒಬ್ಬರು ಮೇಡಂ, "ಕರಿಗೋಟು ಅಂದ್ರೇನು? ಈ ದರ್ಜೆಗಳಿಗೆ ಡೇಟಾಬೇಸಿನಲ್ಲಿ ಬೇರೆ ಟೇಬಲ್ ಯಾಕೆ ಮಾಡಿಲ್ಲ?" ಅಂತ ಕೇಳಿದರು. ಅರ್ಧ ಗಂಟೆ ಅದರದ್ದೇ ಮಾತು. ಕೆಲಸ ಸಿಕ್ಕಿತು. ಆ ಆ್ಯಪ್ ಬರೆದದ್ದು ಪೆರ್ಲದ ನಮ್ಮ ಮನೆ ಜಗಲಿಯಲ್ಲಿ ಕೂತು, ಬೆಂಗಳೂರಿನಲ್ಲಿ ಅಲ್ಲ.

ಹಾಗಂತ ಬೆಂಗಳೂರು ಬೇಡ ಅಂತಲ್ಲ. ಇಲ್ಲಿಗೆ ಒಮ್ಮೆ ಬರಲೇಬೇಕು ಅಂತ ನನ್ನ ಅಭಿಪ್ರಾಯ. ಮೂರನೇ ವರ್ಷ ಕಂಪೆನಿ ಬಿಟ್ಟೆ, ರೂಮು ಬಿಡಬೇಕಾಗಲಿಲ್ಲ. ಒಂದು ಕೈಬಿಟ್ಟರೆ ಇನ್ನೊಂದು ಹುಡುಕಲು ಊರೊಳಗೇ ಜಾಗ ಉಂಟು. ಬರುವಾಗ ಮೆಟ್ರೋ ಹತ್ತಿರದ ಪಿಜಿ ನೋಡು. 2023ರಲ್ಲಿ ವೈಟ್‌ಫೀಲ್ಡ್‌ಗೆ, 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಮೆಟ್ರೋ ಬಂತು. ಆದರೆ ಒಂದು ವರ್ಷದ ಅನುಭವ ಕೈಯಲ್ಲಿ ಹಿಡಿದು ಬಾ. ಫ್ರೆಷರ್ ಆಗಿ ಬಂದು ನನ್ನ ಹಾಗೆ ಕಾಯಬೇಡ.

ಮಂಜೇಶ್ವರದವಳು, ಮಂಗಳೂರಿನಲ್ಲಿ ಶುರು ಮಾಡಿದವಳು

ನಾನು ಸೇರಿದ ಆಫೀಸಿನಲ್ಲಿ ಒಟ್ಟು ಹನ್ನೊಂದು ಜನ. ಸಂಬಳ ಕಡಿಮೆ. ಆದರೆ ಮೂರನೇ ತಿಂಗಳಲ್ಲಿ ಗ್ರಾಹಕರ ಜೊತೆ ಫೋನಲ್ಲಿ ಮಾತಾಡಿದೆ, ಆರನೇ ತಿಂಗಳಲ್ಲಿ ರಾತ್ರಿ ಸರ್ವರ್ ಬಿದ್ದಾಗ ಎಬ್ಬಿಸಿದ್ದು ನಾನೇ. ದೊಡ್ಡ ಕಂಪೆನಿಗೆ ಹೋದ ನನ್ನ ಗೆಳತಿಗೆ ಅಷ್ಟು ಹೊತ್ತಿಗೆ ಇನ್ನೂ ತರಬೇತಿ ನಡೆಯುತ್ತಿತ್ತು.

ಚಿಕ್ಕ ಕಂಪೆನಿ ಎಲ್ಲವೂ ಹಾಗೆ ಅಲ್ಲ. ಸೇರುವ ಮೊದಲು ಕೇಳಿ: ನಾನು ಬರೆದ ಕೋಡ್ ನೋಡಿ ತಿದ್ದುವವರು ಯಾರು? ಅವರ ಜೊತೆ ಹತ್ತು ನಿಮಿಷ ಮಾತಾಡಬಹುದಾ? ಇಷ್ಟು ವರ್ಷ ಕೆಲಸ ಬಿಡುವುದಿಲ್ಲ ಅಂತ ಬರೆದುಕೊಡುವ ಬಾಂಡ್ ಉಂಟಾ, ಎಷ್ಟು ವರ್ಷಕ್ಕೆ? ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳಿದರೆ ಕೊಡಬೇಡಿ. ನಾನು ಕೊಟ್ಟು, ವಾಪಸ್ ಪಡೆಯಲು ನಾಲ್ಕು ತಿಂಗಳು ಅಲೆದೆ.

ಇನ್ನೊಂದು, ಬದಿಯಡ್ಕದಿಂದ ದಿನಾ ಹೋಗಿ ಬರುವ ಯೋಚನೆ ಬೇಡ. ಕುಂಬಳೆಗೆ ಇಳಿದು ಇನ್ನೊಂದು ಬಸ್ಸು ಹಿಡಿದು ಮಂಗಳೂರು ಮುಟ್ಟುವಾಗ ಅರ್ಧ ಜೀವ ಹೋಗಿರುತ್ತದೆ. ಸಂಜೆ ಕಲಿಯಲು ಏನೂ ಉಳಿಯುವುದಿಲ್ಲ. ಅಲ್ಲೇ ಪಿಜಿ ಮಾಡಿ, ಶನಿವಾರ ಮನೆಗೆ ಬನ್ನಿ. ಅಮ್ಮನಿಗೂ ಸಮಾಧಾನ ಅಲ್ವಾ.

ಮುಳ್ಳೇರಿಯಾದವನು, ತಿರುವನಂತಪುರದಿಂದ

ಇಲ್ಲಿನ ಟೆಕ್ನೋಪಾರ್ಕ್ 1990ರಲ್ಲಿ ಶುರುವಾದದ್ದು, ದೇಶದ ಮೊದಲ ಟೆಕ್ ಪಾರ್ಕ್. ಕೆಲಸದ ವಾತಾವರಣ ಒಳ್ಳೆಯದುಂಟು, ಬೆಂಗಳೂರಿನಷ್ಟು ಖರ್ಚಿಲ್ಲ. ನಾನೂ ಕನ್ನಡ ಮೀಡಿಯಂ. ಆಫೀಸಿನ ಬರಹ ಎಲ್ಲ ಇಂಗ್ಲಿಷ್, ಮಲಯಾಳಂ ಬೇಕಾದದ್ದು ಊಟದ ಮೇಜಿನಲ್ಲಿ. ನಮ್ಮ ಕಾಸರಗೋಡಿನ ಮಲಯಾಳಂ ಅವರಿಗೆ ಮೊದಲು ಅರ್ಥ ಆಗಲಿಲ್ಲ, ಎರಡು ತಿಂಗಳಲ್ಲಿ ಸರಿಯಾಯಿತು. ಭಾಷೆಗೆ ಹೆದರಿ ಕೊಚ್ಚಿಯನ್ನೋ ಇದನ್ನೋ ಬಿಡಬೇಡಿ. ದೂರ ಮಾತ್ರ ನಿಜ. ವಂದೇ ಭಾರತ್‌ನಲ್ಲೂ ಕಾಸರಗೋಡಿನಿಂದ 8 ಗಂಟೆ ಬೇಕು. ನಮ್ಮ ರಾಜಧಾನಿಗಿಂತ ನಮಗೆ ಬೆಂಗಳೂರೇ ಹತ್ತಿರ.

ಕುಂಬಳೆಯಿಂದ, ಬ್ಯಾಂಕಿನಲ್ಲಿದ್ದು ನಿವೃತ್ತ

ಮಗಾ, ಸಾಲದ ವಿಷಯ ಯಾರೂ ಹೇಳಲಿಲ್ಲ. ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ನಂತರ ಶುರು. ಬಡ್ಡಿ ಮಾತ್ರ ಈಗಲೂ ಓಡುತ್ತಿರುತ್ತದೆ. ನಿಮ್ಮ ಶಾಖೆಗೆ ಹೋಗಿ ಮೊದಲ ಕಂತಿನ ತಾರೀಕು ಬರೆಸಿಕೊಂಡು ಬಾ. 16 ಸಾವಿರದಲ್ಲಿ ಪಿಜಿ, ಊಟ ಕಳೆದು ಬಡ್ಡಿಯಷ್ಟಾದರೂ ಕಟ್ಟಲಾಗುತ್ತದಾ ನೋಡು.

ಬದಿಯಡ್ಕದಿಂದ ಮತ್ತೆ

ತುಂಬಾ ಉಪಕಾರ ಆಯ್ತು. ಮಂಗಳೂರಿನವರಿಗೆ ಇವತ್ತೇ ಫೋನ್ ಮಾಡಿದೆ. ಬಾಂಡ್ ಇಲ್ಲವಂತೆ. ಕೋಡ್ ನೋಡುವವರ ಜೊತೆ ಸೋಮವಾರ ಮಾತಾಡಿಸುತ್ತಾರಂತೆ. ಅದು ಸರಿ ಕಂಡರೆ ಸೇರುತ್ತೇನೆ, ಒಂದು ವರ್ಷ. ಅಪ್ಪನ ಹತ್ತಿರ ಡೈರಿ ಉಂಟಾ ಅಂತ ಕೇಳಿದರೆ ಕ್ಯಾಲೆಂಡರಿನ ಹಿಂಬದಿ ತೋರಿಸಿದರು, ಎಲ್ಲ ಅಲ್ಲೇ ಬರೆದಿದ್ದಾರೆ. ಪೆರ್ಲದ ಅಣ್ಣಾ, ಪಟೋರದ ರೇಟು ಆಗಾಗ ಬದಲಾಗುತ್ತದಲ್ಲ, ಹಳೇ ರೇಟನ್ನು ಇಟ್ಟುಕೊಂಡಿರಾ, ಅಳಿಸಿ ಹೊಸತು ಬರೆದಿರಾ?