ಯೂಟಾ ಮರುಭೂಮಿಯ ಕಣಿವೆಗಳು: ಮಕ್ಕಳ ಜೊತೆ ಹಗ್ಗದಲ್ಲಿ ಇಳಿಯಬಹುದಾ?

ಹೊಸಹಾದಿ:
ಅಕ್ಟೋಬರ್‌ನಲ್ಲಿ ಅಮೆರಿಕದ ಯೂಟಾ ರಾಜ್ಯದ ಗಾಬ್ಲಿನ್ ವ್ಯಾಲಿ ಪಾರ್ಕ್ ಕಡೆ ಟೆಂಟ್ ಹಾಕುವ ಯೋಚನೆ ಇದೆ. ನಾವಿಬ್ಬರು, 13ರ ಮಗಳು, 9ರ ಮಗ. ಮಗಳಿಗೆ ಜಿಮ್‌ನಲ್ಲಿ ಗೋಡೆ ಹತ್ತಿ ಅಭ್ಯಾಸವಿದೆ, ಹಾಗಾಗಿ ಹಗ್ಗದಲ್ಲಿ ಇಳಿಯುವ ಕಣಿವೆಗೇ ಹೋಗಬೇಕು ಅಂತ ಹಟ. ನಮ್ಮ ಮನೆಯವರು ಅವಳಿಗಿಂತ ಒಂದು ಕೈ ಮೇಲು. ಹಗ್ಗ, ಹಾರ್ನೆಸ್ (ಸೊಂಟಕ್ಕೆ, ತೊಡೆಗೆ ಹಾಕುವ ಬೆಲ್ಟು) ಕೊಂಡುಬಿಡೋಣ, ವಿಡಿಯೋ ನೋಡಿ ಕಲಿತರಾಯ್ತು ಅಂತಾರೆ. ಅಷ್ಟು ಸುಲಭನಾ?

ಹಗ್ಗಜಗ್ಗ:
ಇಲ್ಲ. ಜಿಮ್‌ನಲ್ಲಿ ಕೆಳಗೆ ನಿಂತವರು ಹಗ್ಗ ಹಿಡಿದು ನಿಧಾನಕ್ಕೆ ಇಳಿಸುತ್ತಾರೆ, ಇಲ್ಲಿ ಇಳಿಯುವವರ ಕೈಯೇ ಬ್ರೇಕ್. ಹಗ್ಗ ಯಾವುದಕ್ಕೆ ಕಟ್ಟಿದೆ, ಬಂಡೆಗೋ ಮರಕ್ಕೋ ಸುತ್ತಿ ಹಗ್ಗಕ್ಕೆ ಆಧಾರ ಕೊಟ್ಟ ಪಟ್ಟಿ ಬಿಸಿಲಿಗೆ ಲಡ್ಡಾಗಿದೆಯಾ ಅಂತ ನೀವೇ ನೋಡಬೇಕು. ಅದಕ್ಕಿಂತ ಮುಖ್ಯ, ಎಲ್ಲರೂ ಇಳಿದ ಮೇಲೆ ಹಗ್ಗವನ್ನು ಕೆಳಗೆ ಎಳೆದುಕೊಂಡು ಮುಂದೆ ಹೋಗುತ್ತೀರಿ, ಅಲ್ಲಿಗೆ ವಾಪಸ್ ದಾರಿ ಮುಗಿಯಿತು. ಮುಂದಿನ ಅಂಚಿನಲ್ಲಿ ಹುಡುಗ ನಾನು ಬರಲ್ಲ ಅಂತ ಕೂತರೆ?

ಕಣಿವೆ ಎಷ್ಟು ಕಷ್ಟ ಅಂತ ಹೇಳುವ ರೇಟಿಂಗ್‌ನಲ್ಲಿ ಮೊದಲ ಅಂಕಿ ನೋಡಿ. 1 ಅಂದರೆ ನಡಿಗೆ, 2 ಅಂದರೆ ಕೈಕಾಲು ಊರಿ ಹತ್ತಿ ಇಳಿಯುವುದು, 3 ಬಂದರೆ ಹಗ್ಗ. ಈ ಸಲ 2 ದಾಟಬೇಡಿ. ಲಿಟಲ್ ವೈಲ್ಡ್ ಹಾರ್ಸ್ ಅನ್ನೋ ಕಣಿವೆ ಅಲ್ಲೇ ಹತ್ತಿರ, ಕೆಲವು ಕಡೆ ಭುಜ ಓರೆ ಮಾಡಿಕೊಂಡೇ ನುಸುಳಬೇಕು, ಮಕ್ಕಳಿಗೆ ಬಲು ಖುಷಿ. ಬೆಲ್ ಕ್ಯಾನ್ಯನ್ ಸೇರಿಸಿ ಸುತ್ತು ಹಾಕಿದರೆ ಸುಮಾರು 13 ಕಿ.ಮೀ. ಚಿಕ್ಕವನಿಗೆ ಸುಸ್ತಾದರೆ ಹೋದ ದಾರಿಯಲ್ಲೇ ತಿರುಗಿ.

ಕಲ್ಲುಬಂಡೆ:
ಹಗ್ಗ ಪೂರ್ತಿ ಬೇಡ ಅನ್ನೋದು ಸ್ವಲ್ಪ ಜಾಸ್ತಿ ಆಯ್ತು. ಗಾಬ್ಲಿನ್ಸ್ ಲೇರ್ ಅಂತ ಅದೇ ಪಾರ್ಕಿನಲ್ಲಿ ದೊಡ್ಡ ಗುಹೆ ಇದೆ. ಪರ್ಮಿಟ್ ಪಡೆದು ಮೇಲಿನ ಕಿಂಡಿಯಿಂದ ಹಗ್ಗದಲ್ಲಿ ಇಳಿಯಬಹುದು, ಗೈಡ್‌ಗಳೂ ಸಿಗುತ್ತಾರೆ. ಮಗಳು, ಅಪ್ಪ ಗೈಡ್ ಜೊತೆ ಮೇಲಿಂದ ಬರಲಿ, ನೀವು ಮಗನ ಜೊತೆ ಕಾಲುದಾರಿಯಲ್ಲಿ ಹೋಗಿ ಕೆಳಗಿಂದ ನೋಡಿ. ಕೆಳಗೆ ತಿಳಿದವರೊಬ್ಬರು ಹಗ್ಗದ ತುದಿ ಹಿಡಿದಿರಲಿ, ಮೇಲಿನವರ ಕೈ ಜಾರಿದರೆ ಜಗ್ಗಿ ನಿಲ್ಲಿಸಬಹುದು.

ಮೋಡನೋಡು:
ಆಕಾಶದ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ! ಜುಲೈಯಿಂದ ಸೆಪ್ಟೆಂಬರ್ ನಡುವಿನವರೆಗೆ ಅಲ್ಲಿ ಗುಡುಗುಮಳೆ ಕಾಲ. ಅಕ್ಟೋಬರ್ ಅದಕ್ಕಿಂತ ವಾಸಿ, ಆದರೆ ಗ್ಯಾರಂಟಿ ಇಲ್ಲ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಎಷ್ಟೋ ಮೈಲಿ ಆಚೆ ಬಿದ್ದ ಮಳೆ ಬಂಡೆ ಮೇಲೆ ಇಂಗದೆ ನೇರ ಕಣಿವೆಗೆ ನುಗ್ಗುತ್ತದೆ. 2015ರ ಸೆಪ್ಟೆಂಬರ್ 14ರಂದು ಯೂಟಾದ್ದೇ ಝಯಾನ್ ರಾಷ್ಟ್ರೀಯ ಉದ್ಯಾನದ ಕೀಹೋಲ್ ಕ್ಯಾನ್ಯನ್‌ನಲ್ಲಿ ಏಳು ಜನ ಹೀಗೇ ತೀರಿಕೊಂಡರು. ಎಲ್ಲರೂ ದೊಡ್ಡವರೇ, ಪರ್ಮಿಟ್ ಕೂಡ ಇತ್ತು. ಅಮೆರಿಕದ ರಾಷ್ಟ್ರೀಯ ಹವಾಮಾನ ಇಲಾಖೆ ದಿನಾ ದಿಢೀರ್ ಪ್ರವಾಹದ ಸಾಧ್ಯತೆ ಪ್ರಕಟಿಸುತ್ತದೆ. ಬೆಳಿಗ್ಗೆ ನೋಡಿ, ಅನುಮಾನ ಇದ್ದರೆ ಕಿರಿದಾದ ಕಣಿವೆ ಬಿಟ್ಟು ಬಯಲಲ್ಲಿ ಓಡಾಡಿ.

ಹೊಸಹಾದಿ:
ಲಿಟಲ್ ವೈಲ್ಡ್ ಹಾರ್ಸ್, ಗುಹೆಗೆ ಗೈಡ್, ಎರಡೂ ಒಪ್ಪಿಗೆ. ಮಗಳಿಗೂ ಓಕೆ. ನಮ್ಮನೆಯವರು ಮಾತ್ರ ಇನ್ನೂ ಹಗ್ಗದ ರೇಟು ನೋಡ್ತಾ ಇದ್ದಾರೆ 🙂 ಪಾರ್ಕಿನ ಕ್ಯಾಂಪ್ ಭರ್ತಿಯಾಗಿದ್ದರೆ ಏನು ಮಾಡೋದು?

ಟೆಂಟ್‌ವಾಸಿ:
ಸುತ್ತಲ ಸರ್ಕಾರಿ ಜಾಗದಲ್ಲಿ ಅನುಮತಿ ಇರುವ ಕಡೆ ಹಾಕಿ, ಆದರೆ ನಲ್ಲಿ ಇರಲ್ಲ. ತಲೆಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕದಲ್ಲಿ ಕಾರಲ್ಲೇ ನೀರು ಒಯ್ಯಿರಿ. ಮರಳಲ್ಲಿ ಗೂಟ ನಿಲ್ಲಲ್ಲ, ಚೀಲಕ್ಕೆ ಮರಳು ತುಂಬಿ ಹೂತು ಅದಕ್ಕೆ ಟೆಂಟಿನ ದಾರ ಕಟ್ಟಿ. ರಾತ್ರಿ ಸಿಕ್ಕಾಪಟ್ಟೆ ಚಳಿ. ಕಪ್ಪಗೆ ಗಂಟುಗಂಟಾಗಿ ಕಾಣುವ ಮಣ್ಣು ತುಳಿಯಬೇಡಿ ಅಂತ ಮಕ್ಕಳಿಗೆ ಮೊದಲೇ ಹೇಳಿ, ಅದು ಜೀವಂತ ಪದರ, ಮತ್ತೆ ಬೆಳೆಯಲು ವರ್ಷಗಟ್ಟಲೆ ಬೇಕು. ಶೌಚಕ್ಕೆ ಮುಚ್ಚುವ ಚೀಲ ಸಿಗುತ್ತದೆ, ಬಳಸಿ ವಾಪಸ್ ತನ್ನಿ.