ಹಳೆ ಕಲ್ಲಿನ ಮನಿ: ಕೆಳಗ ಬಿಳಿ ಉಪ್ಪು, ಅಲ್ಮಾರಿ ಹಿಂದ ಕರಿ ಬೂಷ್ಟು. ಬೂಷ್ಟಿನ ಟೆಸ್ಟ್ ಮಾಡಸ್ಬೇಕಾ?

ಫರಸಿ_ಮನಿ (ಕಲಬುರಗಿ)

ಬ್ರಹ್ಮಪುರದಾಗ ಹಳೆ ಮಾಳಗಿ (ತೊಲಿ ಮ್ಯಾಲ ಮಣ್ಣು ಹಾಕಿದ ಛತ್ತಿನ) ಮನಿ. ಗ್ವಾಡಿ 22 ಇಂಚು ದಪ್ಪ, ಕಲ್ಲು ಮತ್ತ ಮಣ್ಣಿನ ಕೆಸರು. ನೆಲಕ್ಕ ಪೂರಾ ಶಹಾಬಾದ್ ಫರಸಿ. ಆರು ವರ್ಷದ ಹಿಂದ ಒಳಗ ಹೊರಗ ಸಿಮೆಂಟ್ ಗಿಲಾವು ಆಗಿ, ಮ್ಯಾಲ ಪ್ಲಾಸ್ಟಿಕ್ ಪೇಂಟ್ ಆಗ್ಯದ. ಆಮ್ಯಾಲ ಮನಿ ಮುಂದಿನ ಸಿಸಿ ರೋಡ್ ಎತ್ತರಾಗಿ ಈಗ ಒಳಗಿನ ಫರಸಿಗಿಂತ 5 ಇಂಚು ಮ್ಯಾಲ ಅದ.

ತಕರಾರು ಮೂರು. ನೆಲದಿಂದ ಮೂರು ಫೂಟ್ ತನಕ ಪೇಂಟ್ ಗುಳ್ಳಿ ಎದ್ದು ಉದುರ್ಲಕತ್ತದ, ಒಳಗ ಹತ್ತಿಯಂಥ ಬಿಳಿ ಪುಡಿ. ಮಲಗೋ ಖೋಲಿಯಾಗ ಅಲ್ಮಾರಿ ಹಿಂದ ಕರಿ-ಹಸರು ಚುಕ್ಕಿ, ಬಟ್ಟಿಗೆ ಮುಗ್ಗಲು ವಾಸನಿ. ಇದು ಮಳಿಗಾಲದಾಗ ಬಂದಿದ್ದಲ್ಲ, ಮೇ ತಿಂಗಳ ಉರಿ ಬಿಸಲಾಗ ಬಂದದ, ಅದೇ ತಿಳಿವಲ್ದು. ಮೂರನೇದು, ಎರಡು ತೊಲಿ ಗ್ವಾಡಿಯೊಳಗ ಹೋಗೋ ಜಾಗದಾಗ ಕಪ್ಪಗಾಗ್ಯಾವ.

ಗಾಳಿ ಸ್ಯಾಂಪಲ್ ತಗೊಂಡು ಬೂಷ್ಟಿನ ಟೆಸ್ಟ್ ಮಾಡ್ತೀವಿ ಅಂತ ಒಬ್ರು, ಗ್ವಾಡಿಗೆ ಇಂಜೆಕ್ಷನ್ (ತೂತು ಹಾಕಿ ಹಸಿ ತಡಿಯೋ ಕ್ರೀಮ್ ತುಂಬೋದು) ಕೊಡ್ತೀವಿ ಅಂತ ಇನ್ನೊಬ್ರು. ಮೊದಲ ಯಾವುದಕ್ಕ ರೊಕ್ಕ ಹಾಕ್ಬೇಕ್ರಿ?

---

ಎರೆಮಣ್ಣು (ಸಿವಿಲ್, ಕಲಬುರಗಿ)

ಎರಡಕ್ಕೂ ಈಗ ಬ್ಯಾಡ್ರಿ. ನೀರು ಎಲ್ಲಿಂದ ಬರ್ಲಕತ್ತದ ಅನ್ನೋದು ಗೊತ್ತಾದ ಮ್ಯಾಲ ರೊಕ್ಕದ ಮಾತು.

ಕೆಳಗಿನ ಬಿಳಿದು, ಅಲ್ಮಾರಿ ಹಿಂದಿನ ಕರಿದು, ಎರಡೂ ಒಂದೇ ರೋಗ ಅಂತ ತಿಳಿಬ್ಯಾಡ್ರಿ. ಬಿಳಿದರ ಮ್ಯಾಲ ಸ್ಪ್ರೇ ಬಾಟಲಿಲೆ ನೀರು ಹೊಡೀರಿ. ಕರಗಿ ಕಾಣದಂಗಾದ್ರ ಉಪ್ಪು. ನಿಂತ್ರ, ಒದ್ದಿಯಾಗಿ ಅಂಟಂಟಾದ್ರ ಬೂಷ್ಟು. ಉಪ್ಪು ತುಂಬಿದ ಪಟ್ಟಿ ಮ್ಯಾಲ ಬೂಷ್ಟು ಬೆಳಿಯೋದು ಕಡಿಮಿ. ಅದಕ್ಕೇ ನೆಲದಿಂದ ಏರೋ ಹಸಿಯಾಗ ಉಪ್ಪು ಕಾಣ್ತದ, ಗಾಳಿಯ ಹಸಿ ಕುಂದ್ರೋ ಜಾಗದಾಗ ಬೂಷ್ಟು ಕಾಣ್ತದ.

ಎರಡನೇದು ಪ್ಲಾಸ್ಟಿಕ್ ಹಾಳಿ. ಒಂದೂವರಿ ಫೂಟ್ ಚೌಕದ ತುಂಡು ನಾಲ್ಕು ತಗೋರಿ. ಫರಸಿ ಮ್ಯಾಲ ಒಂದು, ಗ್ವಾಡಿಗೆ ಒಂದು ಫೂಟ್ ಎತ್ತರದಾಗ ಒಂದು, ಐದು ಫೂಟಿಗೆ ಒಂದು, ಅಲ್ಮಾರಿ ಸರಿಸಿ ಅದರ ಹಿಂದ ಒಂದು. ನಾಲ್ಕೂ ಅಂಚಿಗೆ ಟೇಪ್ ಬಿಗಿಯಾಗಿ ಹಚ್ಚಿ 48 ತಾಸು ಬಿಡ್ರಿ. ಉದುರೋ ಪೇಂಟ್ ಮ್ಯಾಲ ಟೇಪ್ ನಿಲ್ಲಂಗಿಲ್ಲ, ಅಷ್ಟು ಕೆರದು ಹಚ್ಚಬೇಕು. ಹಾಳಿ ಒಳಮೈಗೆ ಹನಿ ಬಂದ್ರ ನೀರು ಗ್ವಾಡಿದು, ಹೊರಮೈಗೆ ಬಂದ್ರ ಖೋಲಿ ಗಾಳಿದು.

ಪಿನ್ ಚುಚ್ಚೋ ಮಾಯಿಶ್ಚರ್ ಮೀಟರ್ ಸಿಕ್ರ ತರಸ್ರಿ, ಆದ್ರ ಜರಾ ಹುಷಾರ್. ಅದು ಕಟ್ಟಿಗಿಗೆ ಮಾಡಿದ್ದು. ಗ್ವಾಡಿ ಮ್ಯಾಲ ಅದು ತೋರ್ಸೋ ಪರ್ಸೆಂಟು ಖರೆ ಪರ್ಸೆಂಟಲ್ಲ, ಉಪ್ಪಿದ್ರ ಒಣ ಗ್ವಾಡಿನೂ ಹಸಿ ಅಂತ ಹೇಳ್ತದ. ನೆಲದಿಂದ ಅರ್ಧರ್ಧ ಫೂಟಿಗೆ ಬರಕೊಂಡು, ಒಣಗಿದ ಒಳ ಗ್ವಾಡಿಯ ಅದೇ ಎತ್ತರದ ಅಂಕಿಗೆ ಹೋಲಿಸ್ರಿ. ತೊಲಿಗೆ ಮಾತ್ರ ಅದರ ಮಾತು ನಂಬಬಹುದು. 20ರ ಮ್ಯಾಲ ಬಂದ್ರ ಕಟ್ಟಿಗಿ ಕೊಳಿಯೋ ಹಾದಿ ಹಿಡದದ. ಗೋಣಿಚೀಲ ಹೊಲಿಯೋ ದಬ್ಬಣ ತಗೊಂಡು ತೊಲಿ ಗ್ವಾಡಿ ಸೇರೋ ಬುಡಕ್ಕ ಚುಚ್ರಿ. ಗಟ್ಟಿ ತೊಲಿಯಾಗ ತುದಿ ಮಾತ್ರ ಹೋಗ್ತದ. ಬೆಣ್ಣಿಯಾಗ ಹೋದಂಗ ಅರ್ಧ ಇಂಚು ಹೋದ್ರ ಬಾಕಿ ಎಲ್ಲಾ ಬಿಟ್ಟು ಮೊದಲ ಅದಕ್ಕ ಕೆಳಗಿನಿಂದ ಕಂಬ ಕೊಡ್ರಿ.

ಖೋಲಿಯಾಗ ಕೂಲರ್ ಅದೇನ್ರಿ? ಕಿಟಕಿ ಹಾಕಿ ನಡಸ್ತೀರಾ?

---

ಪೆಟ್ರಿ_ತಟ್ಟೆ (ಬೀದರ್)

ಟೆಸ್ಟ್ ಬಗ್ಗೆ ಮಾತ್ರ ಹೇಳುತ್ತೇನೆ. ಬೂಷ್ಟು ಕಣ್ಣಿಗೆ ಕಾಣುತ್ತಿದೆ, ಮೂಗಿಗೂ ಬಡಿಯುತ್ತಿದೆ ಎಂದ ಮೇಲೆ ಗಾಳಿಯ ಟೆಸ್ಟ್ ಹೊಸದೇನನ್ನೂ ಹೇಳುವುದಿಲ್ಲ. ಬೀಜಕಣಗಳು ಹೊರಗಿನ ಗಾಳಿಯಲ್ಲೂ ಸದಾ ಇರುತ್ತವೆ. ತಟ್ಟೆ ತೆರೆದಿಟ್ಟು ಬೆಳೆಸುವ ಕಿಟ್‌ಗಳು ಅದಕ್ಕೇ ಯಾವ ಮನೆಯಲ್ಲಾದರೂ 'ಪಾಸಿಟಿವ್' ಬರುತ್ತವೆ. ಇಷ್ಟಿದ್ದರೆ ಸರಿ, ಇದರ ಮೇಲೆ ಅಪಾಯ ಎನ್ನುವ ಅಂಕಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯೂ ಕೊಟ್ಟಿಲ್ಲ. ತೇವ ಮತ್ತು ಬೂಷ್ಟು ಎರಡನ್ನೂ ತಡೆಯಿರಿ, ಬಂದರೆ ತೆಗೆಯಿರಿ ಎನ್ನುವುದೇ ಅದರ ಮಾತು. ಗಾಳಿಯ ಟೆಸ್ಟ್ ಮಾಡಿಸಲೇಬೇಕೆಂದರೆ ಅದೇ ಹೊತ್ತಿನಲ್ಲಿ ಮನೆಯ ಹೊರಗಿನದೂ ಒಂದು ಸ್ಯಾಂಪಲ್ ಇರಬೇಕು. ಅದನ್ನು ತೆಗೆಯದವರ ರಿಪೋರ್ಟ್‌ಗೆ ಬೆಲೆಯಿಲ್ಲ.

ಕಪ್ಪು ಕಲೆ ಬೂಷ್ಟೋ ಮಸಿಯೋ ಎಂಬ ಅನುಮಾನಕ್ಕೆ ಬ್ಲೀಚ್ ದ್ರಾವಣದ ಒಂದು ಹನಿ ಸಾಕು. ಎರಡು ನಿಮಿಷದಲ್ಲಿ ಬಣ್ಣ ತೆಳುವಾದರೆ ಬೂಷ್ಟು, ಹಾಗೇ ಉಳಿದರೆ ಧೂಳು ಅಥವಾ ಮಸಿ. ಜಾತಿ ಗೊತ್ತಾಗಬೇಕಿದ್ದರೆ ಪಾರದರ್ಶಕ ಟೇಪನ್ನು ಕಲೆಗೆ ಒತ್ತಿ ತೆಗೆದು, ಗಾಜಿನ ಸ್ಲೈಡಿಗೆ ಅಂಟಿಸಿ, ಮೈಕ್ರೋಸ್ಕೋಪ್ ಇರುವ ಕಡೆ ತೋರಿಸಿ. ಬೆರಳು ತಾಗಿದ ಟೇಪ್ ಕೆಡುತ್ತದೆ. ಸಾಮಾನ್ಯವಾಗಿ ಕಾಣುವುದು ಆಸ್ಪರ್ಜಿಲಸ್, ಪೆನಿಸಿಲಿಯಂ, ಕ್ಲಾಡೋಸ್ಪೋರಿಯಂ. ಅಂತರ್ಜಾಲದಲ್ಲಿ ಹೆದರಿಸುವ 'ವಿಷದ ಕಪ್ಪು ಬೂಷ್ಟು' ಸ್ಟ್ಯಾಕಿಬೊಟ್ರಿಸ್‌ಗೆ ದಿನಗಟ್ಟಲೆ ನೆನೆದ ಕಾಗದ, ರಟ್ಟು, ಕಾಗದ ಹೊದಿಸಿದ ಜಿಪ್ಸಂ ಹಲಗೆಯಂಥವು ಬೇಕು. ಕಲ್ಲು-ಮಣ್ಣಿನ ಗೋಡೆಯ ಮೇಲೆ ಕಪ್ಪು ಕಂಡಕೂಡಲೇ ಅದೇ ಎನ್ನಬೇಕಾಗಿಲ್ಲ. ಆದರೆ ಜಾತಿ ಯಾವುದಾದರೂ ಮಾಡುವ ಕೆಲಸ ಒಂದೇ. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಒರೆಸುವ ದಿನ ಅವರು ಬೇರೆ ಕಡೆ ಇರಲಿ.

ಕಲೆ ಮೂರಡಿ ಚೌಕದೊಳಗಿದ್ದರೆ ನೀವೇ ತೆಗೆಯಬಹುದು. ಎನ್-95 ಮಾಸ್ಕ್, ಗ್ಲೌಸ್, ಕನ್ನಡಕ ಹಾಕಿಕೊಳ್ಳಿ. ಕಿಟಕಿ ತೆರೆದಿರಲಿ, ಫ್ಯಾನ್ ಬಂದ್ ಇರಲಿ. ಒಣ ಬ್ರಷ್ ತಾಗಿಸಬೇಡಿ, ಬೀಜಕಣ ಮನೆ ತುಂಬಾ ಹಾರುತ್ತದೆ. ಸೋಪಿನ ನೀರಿನ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿಗೆ ಹಾಕಿ ಎಸೆಯಿರಿ. ಬ್ಲೀಚ್ ಮತ್ತು ಟಾಯ್ಲೆಟ್ ತೊಳೆಯುವ ಆಸಿಡ್ ಎಂದೂ ಸೇರಬಾರದು, ಕ್ಲೋರಿನ್ ಗಾಳಿ ಏಳುತ್ತದೆ.

---

ಫರಸಿ_ಮನಿ

ಎಲ್ಲಾ ಮಾಡಿ ನೋಡಿದೆ. ಬಿಳಿ ಪುಡಿ ನೀರಿಗೆ ಕರಗ್ತು. ಫರಸಿ ಮ್ಯಾಲಿನ ಹಾಳಿ, ಒಂದು ಫೂಟಿನ ಹಾಳಿ ಎರಡರದ್ದೂ ಒಳಮೈ ತೊಯ್ದಿತ್ತು. ಐದು ಫೂಟಿಂದು ಒಣ. ಅಲ್ಮಾರಿ ಹಿಂದಿಂದು ಒಳಗ ಒಣ, ಹೊರಮೈ ಒದ್ದಿ. ತೊಲಿಗೆ ಮೀಟರ್ 17 ಮತ್ತ 24. ದಬ್ಬಣ 24ರ ತೊಲಿಯಾಗ ಕಾಲ್ ಇಂಚು ಹೋಯ್ತು. ಕೂಲರ್ ಅದ, ಖೋಲಿಯೊಳಗೇ ಇಟ್ಟದ, ರಾತ್ರಿಯೆಲ್ಲಾ ಕಿಟಕಿ ಹಾಕಿ ನಡಸ್ತೀವಿ. ಗಾಳಿ ಹಸಿ ನೋಡೋ ಮೀಟರ್ ಬೆಳಿಗ್ಗಿ 82 ತೋರಸ್ತು.

---

ಎರೆಮಣ್ಣು

ಹಂಗಾದ್ರ ಮೇ ತಿಂಗಳ ಗಂಟು ಬಿಚ್ತು. ಕೂಲರ್ ನೀರು ಆರಿಸೇ ತಂಪು ಮಾಡ್ತದ, ಆ ನೀರೆಲ್ಲಾ ಗಾಳಿಗೆ ಹೋಗ್ತದ. ಹೊರಹೋಗೋ ದಾರಿ ಇಲ್ದಿದ್ರ ತಿರುಗಿ ಬಂದು 22 ಇಂಚಿನ ತಂಪು ಗ್ವಾಡಿಗೆ ಕುಂದ್ರತದ, ಅದೂ ಗಾಳಿ ಆಡದ ಅಲ್ಮಾರಿ ಹಿಂದ. ಗ್ವಾಡಿ ಮೈಯಾಗಿನ ಹಸಿ 80 ದಾಟಿ ದಿನಗಟ್ಟಲೆ ನಿಂತ್ರ ಬೂಷ್ಟಿಗೆ ಬ್ಯಾರೆ ಏನೂ ಬೇಕಾಗಿಲ್ಲ. ಕೂಲರನ್ನ ಕಿಟಕಿ ಹೊರಗ ಇಟ್ಟು ಹೊರಗಿನ ಒಣ ಗಾಳಿ ಎಳೆಯಂಗ ಮಾಡ್ರಿ, ಎದುರಿನ ಕಿಟಕಿ ಅಥವಾ ಬಾಗಿಲು ಒಂದು ಗೇಣು ತಗದಿಡ್ರಿ. ತಂಪೂ ಜಾಸ್ತಿ ಆಗ್ತದ. ಅಲ್ಮಾರಿ ಗ್ವಾಡಿಯಿಂದ ನಾಲ್ಕು ಇಂಚು ದೂರ ಇರಲಿ. ಗಾಳಿ ಹಸಿ ನೋಡೋ ಮೀಟರ್ 60ರ ಕೆಳಗ ಇರಬೇಕು.

ಕೆಳಗಿಂದು ನೆಲದ ನೀರು. ಗ್ವಾಡಿ ಮೊದಲಿಂದಲೂ ಹೀರ್ತಿತ್ತು, ಆದ್ರ ಮಣ್ಣು-ಸುಣ್ಣದ ಮೈಯಿಂದ ಆರಿ ಹೋಗ್ತಿತ್ತು. ಸಿಮೆಂಟ್ ಗಿಲಾವು, ಪ್ಲಾಸ್ಟಿಕ್ ಪೇಂಟ್ ಎರಡೂ ಸೇರಿ ಆ ದಾರಿ ಮುಚ್ಯಾವ. ಮುಚ್ಚಿದ ನೀರು ಮ್ಯಾಲ ಏರ್ತದ. ಅದ್ರ ಮ್ಯಾಲ ಎತ್ತರಾದ ರೋಡಿನ ನೀರು ಪಾಯಕ್ಕ ನಿಂದ್ರತದ. ನಮ್ಮ ಕರಿ ಎರೆ ನೀರು ಕುಡದ್ರ ಬಿಡೋದು ನಿಧಾನ.

ಗ್ವಾಡಿಯಾಗ ಈಗ ಬರ್ತಿರೋ ನೀರೆಷ್ಟು, ಉಪ್ಪು ಗಾಳಿಯಿಂದ ಎಳಿಯೋದೆಷ್ಟು ಅಂತ ತಿಳಿಬೇಕಾದ್ರ ಒಂದು ಲೆಕ್ಕ ಅದ. ಅಕ್ಕಸಾಲಿಗರ ಕಾಟಾ ಬೇಕು. ಒಂದು ಫೂಟ್ ಎತ್ತರದಾಗ ಡ್ರಿಲ್ ನಿಧಾನ ತಿರುಗಿಸಿ, ಗಿಲಾವಿನ ಪುಡಿ ಚೆಲ್ಲಿ, ಒಳಗಿಂದು 20 ಗ್ರಾಂ ಮುಚ್ಚಳದ ಡಬ್ಬಿಗೆ ಹಿಡೀರಿ. ಡ್ರಿಲ್ ಜೋರು ತಿರುಗಿದ್ರ ಕಾವಿಗೆ ಅಲ್ಲೇ ಒಣಗಿಬಿಡ್ತದ. 105 ಡಿಗ್ರಿ ಓವನ್‌ನಾಗ ತೂಕ ಇಳಿಯೋದು ನಿಲ್ಲೋತನಕ ಒಣಗಿಸ್ರಿ. 20.00 ಇದ್ದದ್ದು 18.60ಕ್ಕ ಬಂದ್ರ ಹಸಿ 7 ಪರ್ಸೆಂಟು. ಆಮ್ಯಾಲ ಆ ಒಣ ಪುಡಿಯನ್ನ ಮುಚ್ಚಿದ ಡಬ್ಬಿಯಾಗ ಉಪ್ಪು ನೀರಿನ ಮ್ಯಾಲ ತೂಗಿಡ್ರಿ. ಅಡಗಿ ಉಪ್ಪು ತಳದಾಗ ಕರಗದೆ ಉಳಿಯೋವಷ್ಟು ಹಾಕಿದ್ರ ಡಬ್ಬಿಯೊಳಗಿನ ಹಸಿ ತಾನಾಗೇ 75ಕ್ಕ ನಿಂದ್ರತದ. ತೂಕ ಏರೋದು ನಿಂತಾಗ 19.60 ಆಗಿದ್ರ 5 ಪರ್ಸೆಂಟು ಉಪ್ಪಿನ ಹಸಿನೇ, ನೆಲದ್ದು ಉಳಿದ 2 ಮಾತ್ರ. ಏರದೇ ಇದ್ರ ನೆಲದ ನೀರೇ ಕಳ್ಳ. ಹಿಂದೊಮ್ಮೆ ದನ ಕಟ್ತಿದ್ದ ಕ್ವಾಣಿ ಪಕ್ಕದ ಗ್ವಾಡಿ ಇದ್ರ ಗಂಜಲದ ನೈಟ್ರೇಟ್ ಇರ್ತದ, ಅಂಥ ಗ್ವಾಡಿ ನೀರು ನಿಲ್ಲಿಸಿದ ಮ್ಯಾಲೂ ಮೋಡ ಕವಿದ ದಿನ ಬೆವರ್ತದ.

ಪಾಯಕ್ಕ ನಿಂದ್ರೋ ನೀರು ಗಟಾರಕ್ಕ ಹೋಗಂಗ ಮಾಡ್ಲಿಕ್ಕ, ರೋಡಿನ ಬದಿಗೆ ಒಂದು ಫೂಟ್ ಅಗಲ, ಒಂದೂವರಿ ಫೂಟ್ ಆಳದ ತಗ್ಗು ತೋಡಿ, ಜಿಯೋಟೆಕ್ಸ್‌ಟೈಲ್ ಬಟ್ಟಿ ಹಾಸಿ, 4 ಇಂಚಿನ ತೂತಿನ ಪೈಪ್ 100 ಫೂಟಿಗೆ ಒಂದು ಫೂಟ್ ಇಳಿಜಾರಿನಾಗ ಇಟ್ಟು 20 ಎಂಎಂ ಖಡಿ ತುಂಬಸ್ರಿ. ಬಟ್ಟಿ ಇಲ್ದಿದ್ರ ಎರೆಮಣ್ಣು ಖಡಿಯ ಸಂದಿಗೆ ಇಳಿದು ಕಟ್ಟಿಕೊಳ್ತದ. ಪಾಯದ ತಳಕ್ಕಿಂತ ಕೆಳಗ ಇಳಿಬ್ಯಾಡ್ರಿ, ಒಮ್ಮೆಗೆ ಆರು ಫೂಟಿಗಿಂತ ಉದ್ದ ತೋಡಬ್ಯಾಡ್ರಿ, ಮಳಿ ಸುರು ಆದ ಮ್ಯಾಲಂತೂ ಮುಟ್ಟಲೇಬ್ಯಾಡ್ರಿ. ತೋಡೋಕಿಂತ ಮೊದಲ ಗಟಾರದ ತಳ ಅಳೀರಿ. ಪೈಪಿನ ಬಾಯಿ ಅದಕ್ಕಿಂತ ಕೆಳಗ ಬಂದ್ರ ಗಟಾರದ ನೀರೇ ಮನಿಗೆ ಬರ್ತದ.

24 ಬಂದ ತೊಲಿಗೆ, ದಬ್ಬಣ ಕಾಲ್ ಇಂಚೇ ಹೋಗಿದ್ರೂ, ಈಗಲೇ ಕಂಬ ಕೊಡ್ರಿ. ಆಮ್ಯಾಲ ಮಾಳಗಿ ಮ್ಯಾಲ ಅದರ ನೇರಕ್ಕ ಮಣ್ಣು ಕುಸಿದದೇನು, ಮಾಳಗಿ ನೀರು ಹೊರಗ ಬಿಡೋ ದೋಣಿ ಗ್ವಾಡಿ ಕಡಿ ಸೋರ್ತದೇನು ನೋಡ್ರಿ.

---

ಗಚ್ಚಿನ_ಗೌಂಡಿ (ಯಾದಗಿರಿ)

ಇಂಜೆಕ್ಷನ್ ಯಾಕ ಬ್ಯಾಡ ಅಂತ ಯಾರೂ ಹೇಳಿಲ್ಲ. ಇಟ್ಟಂಗಿ-ಸಿಮೆಂಟಿನ ಗ್ವಾಡಿಗಾದ್ರ ಸಂದಿಗುಂಟ 12 ಎಂಎಂ ತೂತು, ನಾಲ್ಕು-ಐದು ಇಂಚಿಗೊಂದು ಹಾಕಿ ಕ್ರೀಮ್ ತುಂಬಿದ್ರ ಕೆಲಸ ಆಗ್ತದ. ನಿಮ್ಮದು ಎರಡು ಮೈ ಕಲ್ಲು, ನಡುವ ಮಣ್ಣು-ಜಲ್ಲಿ ತುಂಬಿದ್ದು. ಕ್ರೀಮ್ ಪೊಳ್ಳಿನಾಗ ಹರದು ಹೋಗ್ತದ, ಸಾಲಾಗಿ ಕೂಡಂಗಿಲ್ಲ. ಆ ರೊಕ್ಕ ಸುಣ್ಣಕ್ಕ ಹಾಕ್ರಿ.

ಉಪ್ಪಿನ ಗೆರಿಗಿಂತ ಒಂದು ಫೂಟ್ ಮ್ಯಾಲಿನ ತನಕ ಸಿಮೆಂಟ್ ಕಿತ್ತಸ್ರಿ. ಮಷೀನ್ ಬ್ಯಾಡ, ಛಿನ್ನಿ-ಸುತ್ತಿಗೀಲೆ. ಕಲ್ಲಿನ ಸಂದಿ ಒಂದು ಇಂಚು ಕೆರೀರಿ, ಉದುರಿದ್ದನ್ನ ಅದೇ ದಿನ ಹೊರಗ ಒಯ್ರಿ. ಗ್ವಾಡಿ ಬುಡದಾಗ ಬಿಟ್ರ ಅದರಾಗಿನ ಉಪ್ಪು ಮತ್ತ ಏರ್ತದ. ಫರಸಿಯ ಕಡೆ ಸಾಲಿನ ಸಂದಿಯಾಗ ವೈಟ್ ಸಿಮೆಂಟ್ ಇದ್ರ ಅದನ್ನೂ ತಗೀರಿ, ಸುಣ್ಣ ತುಂಬ್ರಿ. ಆಮ್ಯಾಲ ಬಿಡ್ರಿ, ಆರಲಿ. ದಪ್ಪದ ಗ್ವಾಡಿ ತಿಂಗಳಿಗೆ ಒಂದು ಇಂಚು ಆರ್ತದ ಅನ್ನೋದು ರೂಢಿ ಲೆಕ್ಕ. ಎರಡೂ ಮೈ ಬಿಚ್ಚಿದ್ರ ನಿಮಗ 11 ತಿಂಗಳು. ಅಷ್ಟು ತಾಳ್ಮಿ ಯಾರಿಗೂ ಇರಂಗಿಲ್ಲ, ಆದ್ರೂ ಒಂದು ಬ್ಯಾಸಗಿ ಪೂರಾ ಬಿಡಬೇಕು. ನಡುನಡುವ ಹಳೆ ಪೇಪರ್ ನೆನಸಿ ರುಬ್ಬಿ ಅರ್ಧ ಇಂಚು ಮೆತ್ತಿ, ಒಣಗಿ ತಾನೇ ಬಿಟ್ಟಾಗ ಕಿತ್ತು ಎಸೀರಿ. ಉಪ್ಪು ಅದಕ್ಕ ಬರ್ತದ. ಎರಡು-ಮೂರು ಸಲ ಮಾಡ್ರಿ. ನೆನಸ್ಲಿಕ್ಕ ಬೋರ್ ನೀರು ಬ್ಯಾಡ, ಮಳಿ ನೀರು ಅಥವಾ ಆರ್‌ಓ ನೀರು.

ಗಿಲಾವು ದಸರಾ ಕಳದ ಮ್ಯಾಲ, ಚಳಿಯಾಗ. ಏಪ್ರಿಲ್ ಬಿಸಲಿಗೆ ಸುಣ್ಣ ಬಿಗಿಯೋಕಿಂತ ಮೊದಲ ಒಣಗಿ ಪುಡಿ ಆಗ್ತದ. ಪೇಂಟ್ ಅಂಗಡಿ ಪುಡಿ ಸುಣ್ಣ ಎಷ್ಟು ದಿನದ್ದೋ, ಗಾಳಿ ಕುಡದು ಸತ್ತಿರ್ತದ. ಸುಣ್ಣದ ಹರಳು ತಂದು ನೀರಿನಾಗ ಹಾಕ್ರಿ. ಹರಳಿನ ಮ್ಯಾಲ ನೀರು ಸುರಿಬ್ಯಾಡ್ರಿ, ಸಿಡದ್ರ ಕಣ್ಣು ಹೋಗ್ತದ. ಜಾಲಿಯಾಗ ಸೋಸಿ, ಮ್ಯಾಲ ನಾಲ್ಕು ಬೆರಳು ನೀರು ನಿಲ್ಲಿಸಿ, ಕಮ್ಮಿ ಅಂದ್ರ 15 ದಿನ ಇಡ್ರಿ. ಕರಣಿಗೆ ಮೊಸರಿನಂಗ ಹತ್ತಬೇಕು. ಒಂದು ಪಾಲು ಸುಣ್ಣಕ್ಕ ಮೂರು ಪಾಲು ತೊಳದ ಉಸುಕು. ಒಂದು ಕೋಟ್ ಅರ್ಧ ಇಂಚು ಮೀರಬಾರದು, ಎರಡನೇದಕ್ಕ ಒಂದು ವಾರ ಬಿಡ್ರಿ. ಒದ್ದಿ ಗೋಣಿ ತಟ್ಟು ಮುಂದ ಇಳಿಬಿಟ್ಟು ಏಳು ದಿನ ತಂಪಾಗಿಡ್ರಿ. ಮ್ಯಾಲ ಮೂರು ಸಲ ತೆಳ್ಳನ ಸುಣ್ಣ ಹೊಡೀರಿ, ಪೇಂಟ್ ಬ್ಯಾಡ. ಸುಣ್ಣದ ಖಾರಕ್ಕ ಬೂಷ್ಟು ಹುಟ್ಟೋದು ಕಡಿಮಿ.

ಹೊಸ ಗಿಲಾವಿನ ಮ್ಯಾಲೂ ಮೊದಲ ಒಂದೆರಡು ವರ್ಷ ಉಪ್ಪು ಬರ್ತದ. ಒಣ ಬ್ರಷ್‌ಲೆ ಉದುರಿಸಿ ಎತ್ತಿಬಿಡ್ರಿ. ಭಾಳ ಹಾಳಾದ್ರ ಆ ಒಂದು ಪಟ್ಟಿ ಕಿತ್ತು ಮತ್ತ ಮಾಡ್ರಿ, ಸುಣ್ಣದ ಗಿಲಾವು ಇರೋದೇ ಅದಕ್ಕ.

---

ಫರಸಿ_ಮನಿ

ಕಂಬ ಇವತ್ತೇ ಕೊಡಸ್ದೆ. ಫರಸಿ ಮ್ಯಾಲ ಬಿದ್ದ ಬಿಳಿ ಕಲಿಗೆ ಆಸಿಡ್ ಹಾಕಿ ತೊಳೀರಿ ಅಂತ ಪಕ್ಕದ ಮನಿಯವ್ರು ಹೇಳ್ಲಕತ್ತಾರ.

---

ಗಚ್ಚಿನ_ಗೌಂಡಿ

ಬ್ಯಾಡ್ರಿ ಅಣ್ಣಾ! ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ. ಆಸಿಡ್ ಬಿದ್ದ ಜಾಗದಾಗ ನೊರಿ ಎದ್ದು ಹೊಳಪು ಹೋಗಿ ಖರಬರ ಆಗ್ತದ, ಉಳಿದ ಆಸಿಡ್ ಗ್ವಾಡಿಗೆ ಹೊಸ ಉಪ್ಪು ಕೊಡ್ತದ. ನಿಂಬಿ ರಸ, ಸಿರ್ಕಾನೂ ಅಷ್ಟೇ. ಒಣ ಬ್ರಷ್, ಆಮ್ಯಾಲ ಹಿಂಡಿದ ಬಟ್ಟಿ, ಸಾಕು.