ಪದ ಬೇಕು: ಗಟ್ಟಿಯಾದ ಗ್ರೀಸನ್ನು ‘ರಿಸ್ಟೋರ್’ ಮಾಡುವುದು

ಗೆಳೆಯರೇ, ಇವತ್ತು ಸಂಜೆಯೊಳಗೆ ಬೇಕು. ನಮ್ಮ ಐಟಿಐ ವರ್ಕ್‌ಶಾಪಿನ ಗೋಡೆಗೆ ಬೋರ್ಡ್ ಬರೆಸುತ್ತಿದ್ದೇವೆ. ಡಬ್ಬಿಯಲ್ಲೇ ಗಟ್ಟಿಯಾದ ಗ್ರೀಸು, ಪೈಪಿನ ಥ್ರೆಡ್ಡಿಗೆ ಹಚ್ಚುವ ಸಫೇದಾ, ಇವನ್ನು ಮತ್ತೆ ಬಳಸೋ ಹಾಗೆ ಮಾಡುವ ಬಗ್ಗೆ. ಇಂಗ್ಲಿಷ್ ಪ್ರತಿಯಲ್ಲಿ ‘ರಿಸ್ಟೋರ್’ ಅಂತಿದೆ. ನಾನು ‘ಪುನಶ್ಚೇತನ’ ಅಂತ ಹಾಕಿದ್ದೆ. ಹುಡುಗರಿಗೆ ಅರ್ಥವೇ ಆಗಲಿಲ್ಲ. ಪೇಂಟರ್ ಐದು ಗಂಟೆಗೆ ಬರುತ್ತಾರೆ.

---

ಪುನಶ್ಚೇತನ ಬೇಡವೇ ಬೇಡ. ಗ್ರೀಸ್ ಕೂಡ ಯಾಕೆ? ಕೀಲೆಣ್ಣೆ ಅನ್ನುವ ಅಚ್ಚಗನ್ನಡ ಪದ ಇದೆಯಲ್ಲ. ‘ಕೀಲೆಣ್ಣೆಯ ಮರುಹುರುಪು’ ಅಂತ ಬರೆಸಿ.

---

ಮರುಹುರುಪು ಯಾರೂ ಆಡದ ಮಾತು. ಬಿಡಿ.

ಕೀಲೆಣ್ಣೆ ಒಳ್ಳೆಯ ಪದ, ಆದರೆ ವಸ್ತು ಬೇರೆ. ನಮ್ಮಜ್ಜ ಗಾಡಿ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ್ದು. ಗ್ರೀಸಿನಲ್ಲಿ ಎಣ್ಣೆಯನ್ನು ಒಂದು ಬಗೆಯ ಸೋಪು ಹಿಡಿದಿಟ್ಟಿರುತ್ತದೆ, ಹೆಚ್ಚಾಗಿ ಲಿಥಿಯಂ ಸೋಪು. ಬೋರ್ಡಿನಲ್ಲಿ ಕೀಲೆಣ್ಣೆ ಅಂದರೆ ಹುಡುಗರು ಆಯಿಲ್ ಕ್ಯಾನ್ ಎತ್ತಿಕೊಂಡು ಬರುತ್ತಾರೆ.

ಮೇಡಂ, ನಿಮಗೆ ಬೇಕಾದ ಪದ ‘ಹದ’. ಮಣ್ಣಿನ ಹದ, ಪಾಕದ ಹದ, ಕುಡುಗೋಲಿನ ಹದ. ಹಳಗನ್ನಡದ ‘ಪದ’ ಹೀಗಾಯಿತು, ಪಾಲು ಹಾಲಾದ ಹಾಗೆ. ತಮಿಳಿನಲ್ಲಿ ಇವತ್ತಿಗೂ ‘ಪದಂ’ ಅಂತಾರೆ. ಪದ್ಯದ ಪದಕ್ಕೂ ಇದಕ್ಕೂ ನಂಟಿಲ್ಲ.

ಆದರೆ ಇಂಗ್ಲಿಷಿನವರ ಹಾಗೆ ಎಲ್ಲದಕ್ಕೂ ಒಂದೇ ಮಾತು ಹಾಕಬೇಡಿ. ಗಾರೆ ಕೆಲಸದವರು ‘ಒಣಗಿದೆ’ ಬೇರೆ, ‘ಕಟ್ಟಿದೆ’ ಬೇರೆ ಅಂತಾರೆ. ಒಣಗಿದ ಮಣ್ಣಿಗೆ ನೀರು ಹಾಕಿದರೆ ಹದ ಬರುತ್ತದೆ. ಕಟ್ಟಿದ ಸಿಮೆಂಟಿಗೆ ಬರಲ್ಲ. ಇಲ್ಲೂ ಅಷ್ಟೇ. ಹೊಸ ಗ್ರೀಸ್ ಡಬ್ಬಿಯಲ್ಲಿ ಎಣ್ಣೆ ಮೇಲೆ ಬಿಟ್ಟಿದ್ದರೆ ಕಲಸಿ, ಹದಕ್ಕೆ ಬರುತ್ತದೆ. ಸಫೇದಾದ ಅಗಸೆ ಎಣ್ಣೆ ಹಾಗಲ್ಲ. ಅದು ಗಾಳಿಯ ಆಮ್ಲಜನಕ ಹೀರಿ ಕಟ್ಟುತ್ತದೆ. ಮೇಲೆ ಕೆನೆ ಕಟ್ಟಿದ್ದರೆ ತೆಗೆದು, ಕೆಳಗಿನದಕ್ಕೆ ನಾಲ್ಕು ಹನಿ ಅಗಸೆ ಎಣ್ಣೆ ಹಾಕಿ ಕಲಸಬಹುದು. ತಳದವರೆಗೂ ಕಲ್ಲಾಗಿದ್ದರೆ ಯಾವ ಎಣ್ಣೆ ಸುರಿದರೂ ವಾಪಸ್ ಬರಲ್ಲ. ಬೇರಿಂಗಿನಲ್ಲೇ ಗಟ್ಟಿಯಾದ ಗ್ರೀಸಿಗೂ ಹದದ ಮಾತು ಬೇಡ. ಸೀಮೆಎಣ್ಣೆಯಲ್ಲಿ ತೊಳೆದು ಹೊಸದು ತುಂಬಬೇಕು.

ಇನ್ನೊಂದು ಮಾತು. ಹಳೇ ಸಫೇದಾದಲ್ಲಿ ಸೀಸ ಇರಬಹುದು. ಬರಿಗೈಯಲ್ಲಿ ಮುಟ್ಟಬೇಡಿ ಅಂತ ದಪ್ಪ ಅಕ್ಷರದಲ್ಲಿ ಬರೆಸಿ.

---

ಹದ ಒಪ್ಪಿದೆ. ಆದರೆ ಸಫೇದಾ ಪಾರಸಿ, ಗ್ರೀಸ್ ಇಂಗ್ಲಿಷು. ಹೀಗೆ ಬಿಡುತ್ತಾ ಹೋದರೆ ವರ್ಕ್‌ಶಾಪಿನಲ್ಲಿ ಕನ್ನಡಕ್ಕೆ ಉಳಿಯೋದು ಕ್ರಿಯಾಪದ ಮಾತ್ರ.

---

ಉಳಿಯಲಿ. ಕ್ರಿಯಾಪದ ಉಳಿದ ಕಡೆ ಭಾಷೆ ಉಳಿಯುತ್ತದೆ. ‘ಎಣ್ಣೆ’ ಅಂದರೆ ಮೊದಲು ಎಳ್ಳಿನ ನೆಯ್, ಅಂದರೆ ಎಳ್ಳಿನ ಜಿಡ್ಡು ಮಾತ್ರ. ಈಗ ಸೀಮೆಎಣ್ಣೆ ಅಂತೀವಿ, ಅದರಲ್ಲಿ ಎಳ್ಳು ಎಲ್ಲಿದೆ? ಪದ ಕೈಯಲ್ಲಿ ಆಡಿದವರ ಜೊತೆ ಹೋಗುತ್ತದೆ. ಪೈಪಿಗೆ ನಾರು ಸುತ್ತಿ ಸಫೇದಾ ಬಳಿಯುವ ಪ್ಲಂಬರಿಗೆ ಅದು ಪಾರಸಿ ಅಲ್ಲ, ಅವರ ಮಾತು.

---

ಇಬ್ಬರಿಗೂ ನಮಸ್ಕಾರ. ಪೇಂಟರ್ ಬಂದಿದ್ದಾರೆ. ಹೀಗೆ ಬರೆಸುತ್ತಿದ್ದೇನೆ:

ಒಣಗಿದ್ದರೆ ಹದ ಮಾಡಿ. ಕಟ್ಟಿದ್ದರೆ ಬಳಸಬೇಡಿ. ಸಫೇದಾವನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಗ್ರೀಸ್ ಗ್ರೀಸಾಗಿಯೇ ಇರಲಿ.